ಚಿತ್ರಾಲಂಕೃತ ಪ್ರಶಸ್ತಿಪತ್ರ

ಯುರೋಪಿನ ಮಧ್ಯಯುಗದ ಬದುಕನ್ನು ಮರುಸೃಷ್ಟಿಸುವ ಹವ್ಯಾಸಿಗಳು ತಮ್ಮ ‘ಆಸ್ಥಾನ’ದಲ್ಲಿ ಗೌರವ ಪಡೆದವರಿಗೆ ಕೊಡುವ, ಕೈಯಲ್ಲೇ ಬರೆದು ಬಣ್ಣ ತುಂಬಿದ ಪತ್ರ. 1966ರಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಹುಟ್ಟಿದ ಸೊಸೈಟಿ ಫಾರ್ ಕ್ರಿಯೇಟಿವ್ ಅನಾಕ್ರೊನಿಸಂ ಸಂಸ್ಥೆಯಲ್ಲಿ ಈ ಪದ್ಧತಿ ಬೇರೂರಿದೆ. ಬರೆಯುವವರು ಸ್ವಯಂಸೇವಕ ಲಿಪಿಕಾರರು.

ಇವುಗಳ ಐತಿಹಾಸಿಕ ನಿಷ್ಠೆ ಮೂಲದಲ್ಲೇ ತುಸು ತೊಡಕಿನದು. ಮಧ್ಯಯುಗದ ರಾಜಶಾಸನಗಳು ಬಹುಪಾಲು ಅಲಂಕಾರವಿಲ್ಲದ ಬರಹಗಳು; ಅವಕ್ಕೆ ಅಧಿಕಾರ ಬರುತ್ತಿದ್ದುದು ಕೆಳಗೆ ತೂಗುಬಿಟ್ಟ ಮೇಣದ ಮುದ್ರೆಯಿಂದ. ಹೂಬಳ್ಳಿಯ ಅಂಚು, ಚಿನ್ನದ ದೊಡ್ಡಕ್ಷರಗಳನ್ನು ಇಂದಿನವರು ತರುವುದು ಹೆಚ್ಚಾಗಿ ಪ್ರಾರ್ಥನಾ ಪುಸ್ತಕಗಳಿಂದ. 9ನೆಯ ಶತಮಾನದ ಕ್ಯಾರೊಲಿಂಜಿಯನ್ ಲಿಪಿಗೆ 15ನೆಯ ಶತಮಾನದ ಫ್ರೆಂಚ್ ಅಂಚು ಕಟ್ಟಿದರೆ ಕಣ್ಣಿಗೆ ಚೆಂದ, ಕಾಲಕ್ಕೆ ಅಪಚಾರ.

ಸಾಮಗ್ರಿಯಲ್ಲಿ ರಾಜಿ ಅನಿವಾರ್ಯ. ಕರುವಿನ ಚರ್ಮದ ವೆಲಮ್ ದುಬಾರಿ, ಹಾಗಾಗಿ ಕಾಗದವೇ ಹೆಚ್ಚು. ಸೀಸದ ಬಿಳಿ, ಪಾದರಸದ ಇಂಗಳೀಕ, ಆರ್ಸೆನಿಕ್ ಇರುವ ಹರಿದಾಳ ಮೂರೂ ವಿಷ. ಬದಲಿಗೆ ಗ್ವಾಶ್ ಬಣ್ಣ ಬಂದಿದೆ. ಅದರಲ್ಲೂ ಪ್ರಶ್ಯನ್ ನೀಲಿ ಮುಟ್ಟಿದರೆ ಲೆಕ್ಕ ತಪ್ಪುತ್ತದೆ: ಅದು 18ನೆಯ ಶತಮಾನದ ಆರಂಭದ್ದು, ಸಂಸ್ಥೆ ಅನುಸರಿಸುವುದೋ 17ನೆಯ ಶತಮಾನಕ್ಕೆ ಹಿಂದಿನ ಕಾಲವನ್ನು. ಜೆಸ್ಸೊ ಲೇಪವನ್ನು ಉಸಿರಿನಿಂದ ತೇವ ಮಾಡಿ, ಚಿನ್ನದ ರೇಕು ಅಂಟಿಸಿ, ನುಣುಪಾದ ಅಗೇಟ್ ಕಲ್ಲಿನಿಂದ ಉಜ್ಜುವ ಕ್ರಮ ಮಾತ್ರ ಹಳೆಯದೇ.