ಯಂತ್ರದೈತ್ಯನಿಗೆ ಯಾವ ಎಂಜಿನ್?

ಯಲಹಂಕದ ವಾಯುಪಡೆ ನಿಲ್ದಾಣದಲ್ಲಿ ಎರಡು ವರ್ಷಕ್ಕೊಮ್ಮೆ ವೈಮಾನಿಕ ಪ್ರದರ್ಶನ ನಡೆಯುವುದು ನಿಮಗೆ ಗೊತ್ತೇ ಇದೆ. 1996ರಲ್ಲಿ ಆರಂಭವಾದ ಈ ಪ್ರದರ್ಶನದ ದಿನಗಳಲ್ಲಿ ಹೆಬ್ಬಾಳದ ಮೇಲ್ಸೇತುವೆ ದಾಟಿ ಬಳ್ಳಾರಿ ರಸ್ತೆಯಲ್ಲಿ ಮುಂದೆ ಸಾಗುವುದೇ ಒಂದು ಸಾಹಸ. ಒಳಗೆ ಹೋಗಲಾಗದವರು ಸುತ್ತಲಿನ ಮನೆಗಳ ತಾರಸಿ ಏರಿ ನಿಂತು ವಿಮಾನಗಳ ಪಲ್ಟಿಗಳನ್ನು ಕಣ್ತುಂಬ ನೋಡುತ್ತಾರೆ. ಆ ವಿಮಾನದ ಒಡಲಿಗೆ ಆ ಎಂಜಿನ್ನೇ ಏಕೆ ಬಂತು ಎಂಬ ಪ್ರಶ್ನೆ ಮಾತ್ರ ಯಾರಿಗೂ ಹೊಳೆಯುವುದಿಲ್ಲ. ಹಾರುವ ಯಂತ್ರದ ಹಣೆಬರಹವೆಲ್ಲ ಇರುವುದು ಆ ಪ್ರಶ್ನೆಯಲ್ಲೇ. ಇದನ್ನು ತರಗತಿಯಲ್ಲಿ ಹೇಳಿಕೊಡಲು ಒಂದು ದಾರಿಯಿದೆ. ಅದು ಜಪಾನಿನ ಒಂದು ವಿಡಿಯೋ ಆಟದಿಂದ ಶುರುವಾಗುತ್ತದೆ ಎಂದರೆ ಹುಬ್ಬೇರಿಸಬೇಡಿ!

ಟೋಕಿಯೋದಲ್ಲಿ 1986ರಲ್ಲಿ ಸ್ಥಾಪನೆಯಾದ ಫ್ರಮ್‌ಸಾಫ್ಟ್‌ವೇರ್ ಮೊದಲು ಕಚೇರಿ ಕೆಲಸದ ತಂತ್ರಾಂಶ ಬರೆಯುತ್ತಿದ್ದ ಸಂಸ್ಥೆ. 1994ರಲ್ಲಿ ಅದರ ಮೊದಲ ಆಟ ಬಂತು. 1997ರ ಜುಲೈನಲ್ಲಿ ಪ್ಲೇಸ್ಟೇಷನ್ ಯಂತ್ರಕ್ಕಾಗಿ ಅದು ಹೊರತಂದ ಆಟವೇ 'ಆರ್ಮರ್ಡ್ ಕೋರ್'. ಇದರ ಯಂತ್ರಗಳ ರೂಪ ಬಿಡಿಸಿದವರಲ್ಲಿ ಪ್ರಮುಖರು ಶೋಜಿ ಕವಾಮೊರಿ. 1982ರ 'ಮ್ಯಾಕ್ರಾಸ್' ದೂರದರ್ಶನ ಸರಣಿಗಾಗಿ, ಯುದ್ಧವಿಮಾನವೇ ಮಡಚಿಕೊಂಡು ಯಂತ್ರಮಾನವನಾಗುವ ವಿನ್ಯಾಸ ಕೊಟ್ಟವರು ಅವರೇ.

ಆಟಗಾರನು ಬಾಡಿಗೆ ಸೈನಿಕ. ಮಾನವಾಕಾರದ ಭಾರಿ ಯುದ್ಧಯಂತ್ರವೊಂದರೊಳಗೆ ಕುಳಿತು ಹೋರಾಡುತ್ತಾನೆ. ಇಂಥ ಆಟಗಳು ಬೇಕಾದಷ್ಟಿವೆ. ಇದರಲ್ಲಿ ವಿಶೇಷವಾದದ್ದು ಯುದ್ಧಕ್ಕೆ ಮುಂಚಿನ ಕೆಲಸ. ತಲೆ, ಮುಂಡ, ತೋಳು, ಕಾಲು, ಜನರೇಟರ್, ಹಾರಿಸುವ ಬೂಸ್ಟರ್, ಗುರಿ ಹಿಡಿಯುವ ಗಣಕ, ಬಂದೂಕು, ಹೀಗೆ ಬಿಡಿಭಾಗಗಳನ್ನು ಒಂದೊಂದಾಗಿ ಕೊಂಡು ಯಂತ್ರವನ್ನು ತಾನೇ ಜೋಡಿಸಬೇಕು. ಎರಡು ಕಾಲು, ಹಿಮ್ಮುಖವಾಗಿ ಮಡಚುವ ಕಾಲು, ನಾಲ್ಕು ಕಾಲು, ಕಾಲಿನ ಬದಲು ಟ್ಯಾಂಕಿನ ಪಟ್ಟಿ, ಯಾವುದಾದರೂ ಆದೀತು. ಆದರೆ ಪ್ರತಿ ಭಾಗಕ್ಕೂ ಎರಡು ಅಂಕಿಗಳು ಅಂಟಿಕೊಂಡಿವೆ: ಅದರ ತೂಕ, ಅದು ಉಣ್ಣುವ ವಿದ್ಯುತ್ತು. ಒಟ್ಟು ತೂಕ ಕಾಲುಗಳು ಹೊರುವ ಮಿತಿಯೊಳಗಿರಬೇಕು. ಒಟ್ಟು ವಿದ್ಯುತ್ ಬಳಕೆ ಜನರೇಟರ್ ಕೊಡುವಷ್ಟರೊಳಗಿರಬೇಕು. ದಪ್ಪ ಕವಚ ತೊಡಿಸಿದರೆ ವೇಗ ಕುಂದುತ್ತದೆ. ದೊಡ್ಡ ಜನರೇಟರ್ ಇಟ್ಟರೆ ಅದರ ತೂಕವೇ ಹೊರೆಯಾಗುತ್ತದೆ. ಎಲ್ಲವೂ ಒಳ್ಳೆಯದಾಗಿರುವ ಯಂತ್ರ ಸಾಧ್ಯವಿಲ್ಲ.

ಹಣದ ಲೆಕ್ಕವೂ ಉಂಟು. ಹಾರಿಸಿದ ಗುಂಡಿನ ಬೆಲೆ, ರಿಪೇರಿಯ ಖರ್ಚು ಎರಡೂ ಸಂಭಾವನೆಯಿಂದ ಕಡಿತವಾಗುತ್ತವೆ. ಗೆದ್ದೂ ನಷ್ಟವಾಗಬಹುದು! ಮೊದಲ ಆಟದಲ್ಲಿ ಸಾಲ 50,000 ದಾಟಿದರೆ ಆಟಗಾರನ ದೇಹವನ್ನೇ ಪ್ರಯೋಗಕ್ಕೆ ಒಪ್ಪಿಸಿ, ಆತನನ್ನು ಅರ್ಧ ಯಂತ್ರವಾಗಿಸಿ ಮೊದಲಿನಿಂದ ಆಡಿಸುತ್ತಾರೆ. ಮಕ್ಕಳ ಆಟದಲ್ಲಿ ಇಷ್ಟು ಕಹಿ ವ್ಯಂಗ್ಯವನ್ನು ಯಾರೂ ನಿರೀಕ್ಷಿಸಿರಲಿಕ್ಕಿಲ್ಲ.

ಸರಣಿ ಮುಂದುವರಿಯಿತು. 2004ರ 'ನೆಕ್ಸಸ್'ನಲ್ಲಿ ಬೂಸ್ಟರ್ ಹೊರಸೂಸುವ ಶಾಖವೂ ದೊಡ್ಡ ತಲೆನೋವಾಯಿತು. ಉಷ್ಣಬಲವಿಜ್ಞಾನ ಓದಿದವರು ಇದನ್ನು ಮೆಚ್ಚಬೇಕು. ಆಡಿದವರು ಮಾತ್ರ ಶಪಿಸಿದರು. ಅದೇ ವರ್ಷದ ಕೊನೆಯಲ್ಲಿ ಬಂದ 'ಫಾರ್ಮುಲಾ ಫ್ರಂಟ್' ನನ್ನ ಮಟ್ಟಿಗೆ ಇವುಗಳಲ್ಲೆಲ್ಲ ಕುತೂಹಲಕರವಾದದ್ದು. ಜಪಾನಿನಲ್ಲಿ ಅದು ಮೊದಲು ಬಿಡುಗಡೆಯಾದಾಗ ಆಟಗಾರನು ಯಂತ್ರವನ್ನು ನಡೆಸುವಂತೆಯೇ ಇರಲಿಲ್ಲ. ಭಾಗಗಳನ್ನು ಜೋಡಿಸಿ, ಹೇಗೆ ವರ್ತಿಸಬೇಕೆಂದು ಮುಂಚಿತವಾಗಿ ನಿರ್ದೇಶನ ಕೊಟ್ಟು, ಬಳಿಕ ಕೈಕಟ್ಟಿ ನೋಡುತ್ತ ಕೂರಬೇಕು. ವಿನ್ಯಾಸಕನ ಬಾಳೇ ಹಾಗಲ್ಲವೆ? 2013ರ ನಂತರ ಹತ್ತು ವರ್ಷ ಹೊಸ ಆಟ ಬರಲಿಲ್ಲ. ಆರನೆಯ ಮುಖ್ಯ ಆವೃತ್ತಿ ಹೊರಬಿದ್ದದ್ದು 2023ರ ಆಗಸ್ಟ್‌ನಲ್ಲಿ.

ಆಟದಲ್ಲಿ ಒಂದು ದೊಡ್ಡ ಸುಳ್ಳೂ ಇದೆ. ವಿದ್ಯಾರ್ಥಿಗಳಿಂದಲೇ ಅದನ್ನು ಹಿಡಿಸಿ. 1.7 ಮೀಟರ್ ಎತ್ತರದ ಮನುಷ್ಯನನ್ನು ಅದೇ ಆಕಾರದಲ್ಲಿ, ಅದೇ ಸಾಂದ್ರತೆಯಲ್ಲಿ 6 ಪಟ್ಟು ಹಿಗ್ಗಿಸಿದರೆ ಎತ್ತರ 10 ಮೀಟರಿಗೆ ತುಸು ಹೆಚ್ಚು. ಗಾತ್ರ 6ರ ಘನದಷ್ಟು, ಎಂದರೆ 216 ಪಟ್ಟು ಹೆಚ್ಚುತ್ತದೆ, ತೂಕವೂ ಅಷ್ಟೆ. ಅಂಗಾಲಿನ ವಿಸ್ತೀರ್ಣ ಹೆಚ್ಚುವುದು 36 ಪಟ್ಟು ಮಾತ್ರ. ನೆಲದ ಮೇಲಿನ ಒತ್ತಡ 6 ಪಟ್ಟಾಯಿತು. ಉಕ್ಕಿನ ದೈತ್ಯನಾದರೆ ಇನ್ನೂ ಹೆಚ್ಚು. ಕೆಸರುಗದ್ದೆಗೆ ಇಳಿದರೆ ಅವನ ಗತಿ ಊಹಿಸಿ! ಸೇನೆಗಳು ಕಾಲಿನ ದೈತ್ಯರನ್ನು ಬಿಟ್ಟು ಪಟ್ಟಿಯ ಟ್ಯಾಂಕನ್ನೇ ನೆಚ್ಚಿಕೊಂಡದ್ದಕ್ಕೆ ಇದೂ ಒಂದು ಕಾರಣ.

ಎರಡನೆಯ ಸುಳ್ಳು ಇನ್ನೂ ಸೂಕ್ಷ್ಮ. ಆಟದಲ್ಲಿ ಜನರೇಟರ್ ಸಾಲದಾದರೆ ಅಂಗಡಿಗೆ ಹೋಗಿ ಬೇರೆಯದನ್ನು ತರಬಹುದು. 2023ರ ಆಟದಲ್ಲಂತೂ ಹಳೆಯದನ್ನು ಕೊಂಡ ಬೆಲೆಗೇ ಮಾರಬಹುದು. ನಿಜಲೋಕದ ಅಂಗಡಿ ಹೇಗಿರುತ್ತದೆಂಬುದಕ್ಕೆ ನಮ್ಮ ಬೆಂಗಳೂರಿನ ಚರಿತ್ರೆಯೇ ಸಾಕ್ಷಿ.

ಜರ್ಮನಿಯ ಹೆಸರಾಂತ ವಿನ್ಯಾಸಕ ಕುರ್ಟ್ ಟ್ಯಾಂಕ್ 1956ರಲ್ಲಿ ಬೆಂಗಳೂರಿಗೆ ಬಂದು, ಇಲ್ಲಿನ ಎಂಜಿನಿಯರುಗಳ ಜೊತೆ ಎಚ್.ಎಫ್.-24 'ಮಾರುತ್' ಯುದ್ಧವಿಮಾನವನ್ನು ರೂಪಿಸಿದರು. ಶಬ್ದದ ವೇಗವನ್ನು ಬಹಳವಾಗಿ ಮೀರಬೇಕೆಂಬುದು ಗುರಿ. ಒಡಲನ್ನು ರಚಿಸಿದ್ದು ಬ್ರಿಟನ್ನಿನ ಆರ್ಫಿಯಸ್-12 ಎಂಬ, ಆಗಿನ್ನೂ ಸಿದ್ಧವಾಗುತ್ತಿದ್ದ ಎಂಜಿನ್ನನ್ನು ನಂಬಿ. ಹೊಗೆಕೊಳವೆಯಲ್ಲಿ ಮತ್ತೊಮ್ಮೆ ಇಂಧನ ಉರಿಸುವ ಆಫ್ಟರ್‌ಬರ್ನರ್ ಸಹಿತ ಅದರ ನೂಕುಬಲ ಸುಮಾರು 36 ಕಿಲೋನ್ಯೂಟನ್. ಬ್ರಿಟಿಷ್ ಸರ್ಕಾರ ಆ ಯೋಜನೆಯಿಂದ ಕೈತೆಗೆಯಿತು. ಉಳಿದ ವೆಚ್ಚವನ್ನು ಭರಿಸಲು ಭಾರತ ಒಪ್ಪಲಿಲ್ಲ. ದೊರೆತದ್ದು ಆರ್ಫಿಯಸ್-703, ನೂಕುಬಲ ಸುಮಾರು 21.6 ಕಿಲೋನ್ಯೂಟನ್. ವಿಮಾನಕ್ಕೆ ಇಂಥವು ಎರಡು. ಭಾಗಿಸಿ ನೋಡಿ: ಬೇಕಾದುದರ ಶೇಕಡ 60ರಷ್ಟು.

ಮಾರುತ್ 1961ರ ಜೂನ್ 17ರಂದು ಹಾರಿತು. ಒಡಲು ಸೊಗಸಾಗಿತ್ತು, ಬಲ ಸಾಲದು. ಭಾಗ ಬದಲಿಸುವ ಯತ್ನಗಳು ಶುರುವಾದವು. 1967ರಲ್ಲಿ ಒಂದು ಮಾರುತ್ ವಿಮಾನದ ಎರಡು ಎಂಜಿನ್‌ಗಳ ಪೈಕಿ ಒಂದನ್ನು ತೆಗೆದು, ಈಜಿಪ್ಟ್ ತಯಾರಿಸುತ್ತಿದ್ದ ಇ-300 ಎಂಜಿನ್ ಕೂಡಿಸಿ ಅಲ್ಲಿಯೇ ಹಾರಿಸಿ ನೋಡಿದರು. ಈಜಿಪ್ಟ್ ಆ ಕಾರ್ಯಕ್ರಮವನ್ನೇ ನಿಲ್ಲಿಸಿತು. ಇರುವ ಎಂಜಿನ್ನಿಗೇ ಆಫ್ಟರ್‌ಬರ್ನರ್ ಸೇರಿಸೋಣವೆಂದರೆ ಬಾಲದ ಭಾಗ ದಪ್ಪಗಾಗಿ ಗಾಳಿಯ ಎಳೆತ ಹೆಚ್ಚಿತು. ಗಳಿಸಿದ ಬಲವನ್ನು ಅದೇ ತಿಂದಿತು. ಆ ಮಾದರಿಯ ಪರೀಕ್ಷೆಯಲ್ಲಿಯೇ, 1970ರ ಜನವರಿ 10ರಂದು, ಮಾರುತ್‌ನ ಮೊದಲ ಹಾರಾಟ ನಡೆಸಿದ್ದ ಸುರಂಜನ್ ದಾಸ್ ಪ್ರಾಣ ತೆತ್ತರು. ಎಚ್.ಎ.ಎಲ್. ಬಳಿಯ ರಸ್ತೆಗೆ ಇರುವುದು ಅವರದೇ ಹೆಸರು. 147 ಮಾರುತ್‌ಗಳು ತಯಾರಾದವು. 1971ರ ಯುದ್ಧದಲ್ಲಿ ಲೊಂಗೆವಾಲಾದ ಬಳಿ ನೆಲದ ಗುರಿಗಳ ಮೇಲೆ ದಾಳಿ ನಡೆಸಿ ಹೆಸರು ಗಳಿಸಿದವು. ಶಬ್ದವೇಗವನ್ನು ಬಹುಪಾಲು ಮೀರುವ ಕನಸು ಮಾತ್ರ ಕೈಗೂಡದೆ 1990ರಲ್ಲಿ ನಿವೃತ್ತವಾದವು.

ತೇಜಸ್‌ನ ಕತೆಯೂ ಇದೇ ದಾರಿಯಲ್ಲಿ ಸಾಗಿತು. ಅದಕ್ಕೆಂದು ಬೆಂಗಳೂರಿನ ಅನಿಲ ಟರ್ಬೈನ್ ಸಂಶೋಧನಾ ಸಂಸ್ಥೆಗೆ 1989ರಲ್ಲಿ ಒಪ್ಪಿಸಿದ 'ಕಾವೇರಿ' ಎಂಜಿನ್ 1,100 ಕಿಲೋಗ್ರಾಂ ತೂಗಬೇಕಿತ್ತು. 1,235 ತೂಗಿತು, ನೂಕುಬಲವೂ ಗುರಿ ಮುಟ್ಟಲಿಲ್ಲ. 2001ರ ಜನವರಿ 4ರಂದು ತೇಜಸ್ ಹಾರಿದ್ದು ಅಮೆರಿಕದ ಎಫ್-404 ಎಂಜಿನ್ನಿನಿಂದ. 2008ರಲ್ಲಿ ಕಾವೇರಿಯನ್ನು ತೇಜಸ್ ಯೋಜನೆಯಿಂದ ಬೇರ್ಪಡಿಸಲಾಯಿತು. 2021ರ ಫೆಬ್ರವರಿಯಲ್ಲಿ ಯಲಹಂಕದ ಪ್ರದರ್ಶನದಲ್ಲಿ 83 ತೇಜಸ್ ವಿಮಾನಗಳ ಒಪ್ಪಂದವಾಯಿತು. ಅವುಗಳಿಗಾಗಿ ಅದೇ ವರ್ಷ ಬೇಡಿಕೆಯಿಟ್ಟ 99 ಎಂಜಿನ್‌ಗಳಲ್ಲಿ ಮೊದಲನೆಯದು ಕೈಸೇರಿದ್ದು 2025ರ ಮಾರ್ಚ್‌ನಲ್ಲಿ. ಒಡಲುಗಳು ಕಾದು ನಿಂತಿದ್ದವು.

ಮಕ್ಕಳನ್ನು ಕಸ್ತೂರ್ಬಾ ರಸ್ತೆಯ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯಕ್ಕೆ ಕರೆದೊಯ್ದರೆ ಹೊರಗೆ ನಿಲ್ಲಿಸಿರುವ ಮಾರುತ್ ತೋರಿಸಿ. ಮುಂದಿನ ಚೂಪು ಮೂತಿಯನ್ನು ಅವರೇ ನೋಡಿಕೊಳ್ಳುತ್ತಾರೆ. ನೀವು ಅವರನ್ನು ಹಿಂದಕ್ಕೆ ಕರೆದು, ಬಾಲದ ಕೆಳಗೆ ಅಕ್ಕಪಕ್ಕದಲ್ಲಿರುವ ಆ ಎರಡು ಕೊಳವೆಗಳನ್ನು ತೋರಿಸಿ.