ನೋಯೆಲ್ ಕವರ್ಡ್: ನಾಟಕಗಳು ಮತ್ತು ಹಾಡುಗಳು

ಲಂಡನ್ನಿನ ಅಂಚಿನ ಟೆಡಿಂಗ್ಟನ್‌ನಲ್ಲಿ 1899ರ ಡಿಸೆಂಬರ್ 16ರಂದು ಹುಟ್ಟಿದ ನೋಯೆಲ್ ಕವರ್ಡ್ ಹನ್ನೊಂದನೆಯ ವಯಸ್ಸಿಗೇ ಬಣ್ಣ ಹಚ್ಚಿ ರಂಗಕ್ಕೆ ಬಂದವನು. ತಂದೆ ಪಿಯಾನೊ ಮಾರಾಟದ ಕೆಲಸದಲ್ಲಿದ್ದ. ಶಾಲೆಯ ಓದು ಅಷ್ಟಕ್ಕಷ್ಟೆ. ಕಲಿತದ್ದೆಲ್ಲ ನಾಟಕದ ಕಂಪನಿಗಳಲ್ಲಿ. ಸ್ವರಲಿಪಿ ಅವನಿಗೆ ಬರುತ್ತಿರಲಿಲ್ಲ. ಪಿಯಾನೊ ಮುಂದೆ ಕೂತು ನುಡಿಸಿದ್ದನ್ನು ಎಲ್ಸಿ ಏಪ್ರಿಲ್‌ರಂಥ ಸಹಾಯಕರು ಬರೆದುಕೊಳ್ಳುತ್ತಿದ್ದರು. ಹೀಗಿದ್ದೂ ಐವತ್ತಕ್ಕೂ ಹೆಚ್ಚು ನಾಟಕ, ನೂರಾರು ಹಾಡು ಅವನ ಹೆಸರಿನಲ್ಲಿವೆ. ಎಲ್ಲವೂ ಒಂದೇ ತೂಕದವಲ್ಲ. ಪಾತ್ರಗಳು ಮನಸ್ಸಿನಲ್ಲಿರುವುದನ್ನು ನುಂಗಿಕೊಂಡು ಬೇರೇನನ್ನೋ ಮಾತಾಡುವ ಕಡೆ ಅವನ ಬರವಣಿಗೆ ಗೆದ್ದಿದೆ. ಎಲ್ಲವನ್ನೂ ಬಿಚ್ಚಿ ಹೇಳಿಬಿಟ್ಟ ಕಡೆ ಬೇಗ ಹಳತಾಗಿದೆ.

ಹೆಸರು ತಂದುಕೊಟ್ಟದ್ದು ಮಾತ್ರ ಎರಡನೆಯ ಬಗೆಯ ನಾಟಕವೇ. 1924ರ ನವೆಂಬರಿನಲ್ಲಿ ಹ್ಯಾಂಪ್‌ಸ್ಟೆಡ್‌ನ ಎವ್ರಿಮನ್ ರಂಗಮಂದಿರದಲ್ಲಿ ಬಂದ ‘ದಿ ವೋರ್ಟೆಕ್ಸ್’ನಲ್ಲಿ ಮಾದಕ ವಸ್ತುವಿಗೆ ಬಿದ್ದ ಮಗ, ಹರೆಯದ ಪ್ರಿಯಕರನನ್ನು ಇಟ್ಟುಕೊಂಡ ತಾಯಿಯನ್ನು ಮುಖಾಮುಖಿ ಪ್ರಶ್ನಿಸುತ್ತಾನೆ. ಮಗನ ಪಾತ್ರ ಕವರ್ಡ್‌ನದೇ. ಆಗ ನಾಟಕಗಳಿಗೆ ಲಾರ್ಡ್ ಚೇಂಬರ್ಲೇನ್ ಕಚೇರಿಯ ಅನುಮತಿ ಬೇಕಿತ್ತು. ಅದು ಸಿಕ್ಕಿತು, ಬೆನ್ನಿಗೇ ಗುಲ್ಲೂ ಎದ್ದಿತು. 1925ರ ಬೇಸಿಗೆಯಲ್ಲಿ ಅವನ ನಾಲ್ಕು ಕೃತಿಗಳು ಲಂಡನ್ನಿನಲ್ಲಿ ಏಕಕಾಲಕ್ಕೆ ನಡೆಯುತ್ತಿದ್ದವು.

ಆ ನಾಲ್ಕರಲ್ಲಿ ಇಂದಿಗೂ ಮತ್ತೆ ಮತ್ತೆ ರಂಗಕ್ಕೆ ಬರುವುದು ‘ಹೇ ಫೀವರ್’. ಇದರಲ್ಲಿ ಕಥೆ ಇಲ್ಲವೆಂದೇ ಹೇಳಬೇಕು. ನಿವೃತ್ತ ನಟಿಯೊಬ್ಬಳ ಹಳ್ಳಿಮನೆಗೆ ವಾರಾಂತ್ಯಕ್ಕೆ ನಾಲ್ವರು ಅತಿಥಿಗಳು ಬರುತ್ತಾರೆ. ಮನೆಯವರ ನಿರಂತರ ನಟನೆಗೆ ಸಿಕ್ಕು ತತ್ತರಿಸಿ, ಬೆಳಗಿನ ತಿಂಡಿಯ ಹೊತ್ತಿಗೆ ಸದ್ದಿಲ್ಲದೆ ಜಾಗ ಖಾಲಿ ಮಾಡುತ್ತಾರೆ. ಜಗಳದಲ್ಲಿ ಮುಳುಗಿದ ಮನೆಯವರಿಗೆ ಅದರ ಅರಿವೇ ಇಲ್ಲ. ನ್ಯೂಯಾರ್ಕಿನಲ್ಲಿ ನಟಿ ಲಾರೆಟ್ ಟೇಲರ್ ಮನೆಯಲ್ಲಿ ಕಂಡ ಕೂಟಗಳು ಇದಕ್ಕೆ ಪ್ರೇರಣೆ. ಯಶಸ್ಸು ಸತತವಾಗಿರಲಿಲ್ಲ: 1927ರ ‘ಸಿರೊಕೊ’ಗೆ ಮೊದಲ ರಾತ್ರಿಯೇ ಪ್ರೇಕ್ಷಕರು ಕೂಗಾಡಿದರು.

1929ರ ‘ಬಿಟರ್ ಸ್ವೀಟ್’ ಸಂಗೀತ ನಾಟಕ ಅವನನ್ನು ಮತ್ತೆ ಎತ್ತಿ ನಿಲ್ಲಿಸಿತು. ಮರುವರ್ಷ ‘ಪ್ರೈವೇಟ್ ಲೈವ್ಸ್’ ಬಂತು. ಶಾಂಘೈನಲ್ಲಿ ಫ್ಲೂ ಜ್ವರದಿಂದ ಚೇತರಿಸಿಕೊಳ್ಳುತ್ತ ಕೆಲವೇ ದಿನಗಳಲ್ಲಿ ಬರೆದು ಮುಗಿಸಿದ ನಾಟಕವಿದು. ವಿಚ್ಛೇದನ ಪಡೆದ ಎಲಿಯಟ್ ಮತ್ತು ಅಮಾಂಡಾ ತಂತಮ್ಮ ಹೊಸ ಸಂಗಾತಿಯೊಡನೆ ಮಧುಚಂದ್ರಕ್ಕೆ ಬಂದಿದ್ದಾರೆ. ಫ್ರಾನ್ಸಿನ ಆ ಹೋಟೆಲಿನಲ್ಲಿ ಇಬ್ಬರ ಬಾಲ್ಕನಿಗಳೂ ಅಕ್ಕಪಕ್ಕ. ಎದುರುಬದುರಾದಾಗ ಇಬ್ಬರೂ ಪ್ರೀತಿಯ ಸುದ್ದಿಯನ್ನೇ ಎತ್ತದೆ ಚೀನಾ ಹೇಗಿತ್ತು, ಜಪಾನ್ ಹೇಗಿತ್ತು ಎಂದು ವಿಚಾರಿಸಿಕೊಳ್ಳುತ್ತಾರೆ. ಹಿನ್ನೆಲೆಯಲ್ಲಿ ವಾದ್ಯವೃಂದ ಅವರ ಹಳೆಯ ಹಾಡನ್ನು ನುಡಿಸುತ್ತಿರುತ್ತದೆ. ಆ ಹಾಡಿನ ರಾಗವೂ ಕವರ್ಡ್‌ನದೇ. ಮಾತು ಮುಚ್ಚಿಟ್ಟದ್ದನ್ನು ರಾಗ ಹೊರಹಾಕುವ ಈ ದೃಶ್ಯದಲ್ಲಿ ನಾಟಕಕಾರನನ್ನೂ ಗೀತಕಾರನನ್ನೂ ಬೇರೆಬೇರೆ ಮಾಡಿ ನೋಡಲಾಗದು.

ಬಿಡಿ ಹಾಡುಗಳಲ್ಲಿ ಎರಡು ದಾರಿಗಳಿವೆ. ‘ಮ್ಯಾಡ್ ಅಬೌಟ್ ದ ಬಾಯ್’ನಂಥವು ವಿರಹದವು. ‘ಮ್ಯಾಡ್ ಡಾಗ್ಸ್ ಅಂಡ್ ಇಂಗ್ಲಿಷ್‌ಮೆನ್’ ಪ್ರಾಸದ ಮೇಲೆ ಪ್ರಾಸ ಪೇರಿಸಿ ಓಡುವ ವಿಡಂಬನೆ. ವಸಾಹತುಗಳ ಸುಡುಬಿಸಿಲಿನಲ್ಲಿ ಸ್ಥಳೀಯರು ನೆರಳು ಹಿಡಿದು ಮಲಗಿದ ಹೊತ್ತಿಗೆ ತಿರುಗಾಡುವ ಆಂಗ್ಲರನ್ನು ಅದು ಗೇಲಿ ಮಾಡುತ್ತದೆ. ಹನೋಯ್‌ನಿಂದ ಸೈಗಾನ್‌ವರೆಗಿನ ಕಾರು ಪಯಣದಲ್ಲಿ ಹುಟ್ಟಿದ ಹಾಡು ಇದು. ಹೀಗೆ ನಕ್ಕವನೇ 1931ರ ‘ಕ್ಯಾವಲ್ಕೇಡ್’ನಲ್ಲಿ ದೇಶಾಭಿಮಾನವನ್ನು ಭಾರಿ ಗಾತ್ರದಲ್ಲಿ ರಂಗಕ್ಕೇರಿಸಿದ. ಅದರ ಚಲನಚಿತ್ರಕ್ಕೆ ಆಸ್ಕರ್ ಬಂದರೂ ನಾಟಕವನ್ನು ಈಗ ಆಡುವವರು ವಿರಳ.

1936ರಲ್ಲಿ ಲಂಡನ್ ಕಂಡ ‘ಟುನೈಟ್ ಅಟ್ 8.30’ ಏಕಾಂಕಗಳ ಮಾಲೆ. ಅದರಲ್ಲೊಂದಾದ ‘ಸ್ಟಿಲ್ ಲೈಫ್’ ರೈಲು ನಿಲ್ದಾಣದ ಉಪಾಹಾರ ಗೃಹವನ್ನು ಬಿಟ್ಟು ಆಚೆ ಹೋಗುವುದಿಲ್ಲ. ಬೇರೆಬೇರೆ ಸಂಸಾರಗಳಿರುವ ಹೆಣ್ಣುಗಂಡು ಕೊನೆಯ ಬಾರಿ ಬೀಳ್ಕೊಳ್ಳುವಾಗ, ಹರಟೆಮಲ್ಲಿ ಪರಿಚಿತೆಯೊಬ್ಬಳು ಬಂದು ಕೂತುಬಿಡುತ್ತಾಳೆ. ವಿದಾಯದ ಮಾತೂ ಆಡಲಾಗದೆ ಅವನು ರೈಲಿಗೆ ಹೊರಡುತ್ತಾನೆ. ಡೇವಿಡ್ ಲೀನ್ 1945ರಲ್ಲಿ ಇದನ್ನೇ ‘ಬ್ರೀಫ್ ಎನ್‌ಕೌಂಟರ್’ ಚಿತ್ರವಾಗಿಸಿದ.

ಯುದ್ಧಕಾಲದ ದೊಡ್ಡ ಗೆಲುವು 1941ರ ‘ಬ್ಲೈದ್ ಸ್ಪಿರಿಟ್’. ಲಂಡನ್ನಿನ ಮೇಲೆ ಬಾಂಬು ಬೀಳುತ್ತಿದ್ದ ಕಾಲದಲ್ಲಿ, ಸತ್ತ ಹೆಂಡತಿ ದೆವ್ವವಾಗಿ ಮರಳಿ ಗಂಡನನ್ನೂ ಸವತಿಯನ್ನೂ ಕಾಡುವ ಪ್ರಹಸನ 1,997 ಪ್ರದರ್ಶನ ಕಂಡಿತು. ಮುಂದೆ ಭಾರತದ ಕೊನೆಯ ವೈಸರಾಯ್ ಆದ ಮೌಂಟ್‌ಬ್ಯಾಟನ್ ನಾಯಕತ್ವದ ಹಡಗಿನ ಮುಳುಗಡೆ ಕವರ್ಡ್‌ನ ‘ಇನ್ ವಿಚ್ ವಿ ಸರ್ವ್’ (1942) ಚಿತ್ರಕ್ಕೆ ಆಧಾರವಾಯಿತು. ಸೈನಿಕರನ್ನು ರಂಜಿಸಲು 1944ರಲ್ಲಿ ಕವರ್ಡ್ ಭಾರತ, ಬರ್ಮಾಗಳಲ್ಲೂ ಹಾಡಿದ.

ಯುದ್ಧಾನಂತರದ ಸಂಗೀತ ನಾಟಕಗಳು ನೆಲಕಚ್ಚಿದವು. 1956ರಲ್ಲಿ ಜಾನ್ ಆಸ್ಬಾರ್ನ್‌ನ ‘ಲುಕ್ ಬ್ಯಾಕ್ ಇನ್ ಆ್ಯಂಗರ್’ ಬಂದ ಮೇಲೆ ಕವರ್ಡ್ ಹಳೆಯ ಕಾಲದವನೆಂಬ ಮಾತು ವಿಮರ್ಶಕರಲ್ಲಿ ಬಲಿಯಿತು. ಅಷ್ಟರಲ್ಲಿ ಅವನು 1955ರಲ್ಲಿ ಲಾಸ್ ವೇಗಸ್‌ನಲ್ಲಿ ತನ್ನ ಹಾಡುಗಳನ್ನು ತಾನೇ ಹಾಡಿ ಹೊಸ ಕೇಳುಗರನ್ನು ಗಳಿಸಿದ್ದ. ನಾಟಕಗಳ ಕಡೆಗೆ ಮತ್ತೆ ಗಮನ ಹರಿದದ್ದು 1964ರಲ್ಲಿ, ಲಾರೆನ್ಸ್ ಒಲಿವಿಯರ್ ಆಹ್ವಾನದ ಮೇರೆಗೆ ನ್ಯಾಷನಲ್ ಥಿಯೇಟರಿಗೆ ‘ಹೇ ಫೀವರ್’ ನಿರ್ದೇಶಿಸಿದಾಗ.

ಕೊನೆಯ ಮುಖ್ಯ ಕೃತಿ 1966ರ ‘ಎ ಸಾಂಗ್ ಅಟ್ ಟ್ವೈಲೈಟ್’ನಲ್ಲಿ ಸಲಿಂಗಪ್ರೇಮವನ್ನು ಬದುಕಿಡೀ ಬಚ್ಚಿಟ್ಟ ವೃದ್ಧ ಸಾಹಿತಿ ಅದಕ್ಕೆ ಉತ್ತರ ಹೇಳಬೇಕಾಗುತ್ತದೆ. ಸಲಿಂಗಪ್ರೇಮಿಯಾಗಿದ್ದ ಕವರ್ಡ್ ತನ್ನ ಬಗ್ಗೆ ಬಹಿರಂಗವಾಗಿ ಬಾಯಿಬಿಟ್ಟವನಲ್ಲ. ಅದನ್ನು ಅಪರಾಧವೆಂದಿದ್ದ ಇಂಗ್ಲೆಂಡಿನ ಕಾನೂನು ಸಡಿಲಗೊಂಡದ್ದು 1967ರಲ್ಲಿ. 1970ರಲ್ಲಿ ಸರ್ ಪದವಿ ಬಂತು. 1973ರ ಮಾರ್ಚ್ 26ರಂದು ಜಮೈಕಾದಲ್ಲಿ ತೀರಿಕೊಂಡ. ಸಲಿಂಗಪ್ರೇಮದ ವಸ್ತುವನ್ನೇ ಮುಟ್ಟುವ, 1926ರಲ್ಲೇ ಬರೆದಿಟ್ಟಿದ್ದ ‘ಸೆಮಿ ಮೊಂಡ್’ ಗ್ಲಾಸ್ಗೋದಲ್ಲಿ ಮೊದಲು ರಂಗಕ್ಕೆ ಬಂದದ್ದು 1977ರಲ್ಲಿ.