ರಾಜಭವನದ ಎಣಿಕೆ, ಸಭಾಭವನದ ಎಣಿಕೆ

ಒಂದೇ ಪಕ್ಷವು ಬಹುಕಾಲ ಅಧಿಕಾರದಲ್ಲಿದ್ದರೆ ನಿಷ್ಪಕ್ಷವಾಗಿರಬೇಕಾದ ಪದವಿಗಳೂ ಅದರ ವಶವಾಗುವುದುಂಟು. ಆಂಧ್ರಪ್ರದೇಶದ ಚರಿತ್ರೆಯು ಇದಕ್ಕೆ ನಿದರ್ಶನವಾಗಿದೆ. 1956ರಲ್ಲಿ ರೂಪುಗೊಂಡ ಆ ರಾಜ್ಯವು 1983ರವರೆಗೆ ಕಾಂಗ್ರೆಸ್ಸಿನದಲ್ಲದ ಮಂತ್ರಿಮಂಡಲವನ್ನು ಕಂಡಿರಲಿಲ್ಲ. ಆ ವರ್ಷದ ಜನವರಿಯಲ್ಲಿ, ಹುಟ್ಟಿ ವರ್ಷವೂ ತುಂಬದಿದ್ದ ತೆಲುಗುದೇಶಂ ಪಕ್ಷಕ್ಕೆ ಜನರು ಆಡಳಿತವನ್ನು ಒಪ್ಪಿಸಿದರು, ಎನ್. ಟಿ. ರಾಮರಾಯರು ಮುಖ್ಯಮಂತ್ರಿಗಳಾದರು.

1984ರಲ್ಲಿ ರಾಮರಾಯರು ಹೃದಯದ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಅಮೆರಿಕದಿಂದ ಆಗತಾನೆ ಮರಳಿದ್ದರು. ಆಗಸ್ಟ್ 16ರಂದು ರಾಜ್ಯಪಾಲ ರಾಮಲಾಲರು ಅವರನ್ನು ಪದಚ್ಯುತಗೊಳಿಸಿ, ಅವರ ಪಕ್ಷದಿಂದಲೇ ಸಿಡಿದ ನಾದೆಂಡ್ಲ ಭಾಸ್ಕರರಾಯರನ್ನು ಆ ಸ್ಥಾನಕ್ಕೆ ತಂದರು. ವಿಧಾನಸಭೆಯಲ್ಲಿಯೇ ಬಲವನ್ನು ತೋರಿಸುವೆನೆಂಬ ರಾಮರಾಯರ ಮಾತು ಸಲ್ಲಲಿಲ್ಲ. ಭಾಸ್ಕರರಾಯರಿಗಾದರೋ ಒಂದು ತಿಂಗಳ ಅವಧಿ ದೊರೆಯಿತು.

ಈ ಪಕ್ಷಪಾತವು ಪ್ರಜೆಗಳನ್ನು ಕೆರಳಿಸಿತು. ರಾಮರಾಯರು ತಮ್ಮ ಶಾಸಕರನ್ನು ದಿಲ್ಲಿಗೆ ಕರೆದೊಯ್ದು ರಾಷ್ಟ್ರಪತಿಗಳ ಮುಂದೆ ನಿಲ್ಲಿಸಿದರು. ಪ್ರಲೋಭನೆಗೆ ಸಿಲುಕದಂತೆ ಆ ಶಾಸಕರಿಗೆ ರಾಮಕೃಷ್ಣ ಹೆಗಡೆಯವರ ಆಡಳಿತದಲ್ಲಿದ್ದ ಕರ್ನಾಟಕವು ಆಶ್ರಯವಿತ್ತಿತು. ಆಗಸ್ಟ್ ಮುಗಿಯುವುದರೊಳಗೆ ರಾಮಲಾಲರು ಪದವಿಯನ್ನು ಬಿಡಬೇಕಾಯಿತು. ಶಂಕರದಯಾಳ ಶರ್ಮರು ಆ ಸ್ಥಾನಕ್ಕೆ ಬಂದರು. ಸೆಪ್ಟೆಂಬರ್ 16ರಂದು ರಾಮರಾಯರು ಮತ್ತೆ ಮುಖ್ಯಮಂತ್ರಿಗಳಾದರು.

ಆದರೂ ಪಾಠವು ಬೇಗನೆ ಮರೆತುಹೋಯಿತು. ಆಶ್ರಯವಿತ್ತ ಕರ್ನಾಟಕದಲ್ಲಿಯೇ 1989ರ ಏಪ್ರಿಲಿನಲ್ಲಿ ಎಸ್. ಆರ್. ಬೊಮ್ಮಾಯಿಯವರ ಮಂತ್ರಿಮಂಡಲವು ಸಭೆಯ ಮತವನ್ನು ಕೇಳದೆಯೇ ವಜಾ ಆಯಿತು. ಅವರು ಹೂಡಿದ ವ್ಯಾಜ್ಯದಲ್ಲಿ 1994ರ ಮಾರ್ಚ್ 11ರಂದು ಸರ್ವೋಚ್ಚ ನ್ಯಾಯಾಲಯವು, ಬಹುಮತದ ಪರೀಕ್ಷೆಗೆ ಶಾಸನಸಭೆಯೇ ಸ್ಥಾನವೆಂದು ತೀರ್ಪಿತ್ತಿತು. ಆಂಧ್ರದ ಜನರು ಬೀದಿಯಲ್ಲಿ ಆಡಿದ್ದ ಮಾತು ಹತ್ತು ವರ್ಷಗಳ ತರುವಾಯ ನ್ಯಾಯಪೀಠದ ಮಾತಾಯಿತು.